ಅಥೆನ್ಸಿನ ಹೆಂಗಸರೂ ಮಾವನವರ ತಿಥಿಯೂ

ಆ ವರ್ಷ ಮ್ಯಾನ್‌ಹಟನ್ನಿನ ಬ್ಯಾಂಕೊಂದು ನನ್ನ ಗಂಡನನ್ನು ಲೇಆಫ್ ಮಾಡಿತ್ತು. ಓಲ್ಡ್ ಬ್ರಿಡ್ಜ್‌ನ ಮನೆಯಲ್ಲಿ ಅವರು ದಿನವಿಡೀ ಲ್ಯಾಪ್‌ಟಾಪಿನ ಮುಂದೆ ಮುಖ ಗಂಟಿಕ್ಕಿಕೊಂಡು ಕೂತಿರುತ್ತಿದ್ದರು. ನಾನೋ, ಪ್ರಾಚೀನ ಗ್ರೀಸಿನ ಹೆಂಗಸರ ಬಗ್ಗೆ ಕಾಲೇಜಿನಲ್ಲಿ ಕೋರ್ಸ್ ಹಿಡಿದಿದ್ದೆ. "ನನ್ನ ಕೆಲ್ಸ ಹೋಗಿದೆ, ಇವಳಿಗೆ ಸತ್ತು ಮಣ್ಣಾದ ಹೆಂಗಸರ ಚಿಂತೆ" ಎಂದು ಅವರು ಗೊಣಗಿದರೆ ನನಗೂ ಮೈ ಉರಿಯುತ್ತಿತ್ತು.

ಕೋರ್ಸಿನ ಕೊನೆಗೆ ಎಲ್ಲರೆದುರು ಮಾತಾಡಬೇಕು, ತಪ್ಪಿಸಿದರೆ ಫೇಲ್. ಗ್ರಹಚಾರ ನೋಡಿ, ನನ್ನ ಸರದಿ ಬಂದದ್ದು ಮಾವನವರ ತಿಥಿಯ ದಿನವೇ. ಮಡಿ ಅಡುಗೆ ಬಿಟ್ಟು ಸೊಸೆ ಕಾಲೇಜಿಗೆ ಹೋಗುವುದುಂಟೇ? ಕೇಳುವ ಧೈರ್ಯವೂ ನನಗಿರಲಿಲ್ಲ. ಊರಿಂದ ಬಂದಿದ್ದ ಅತ್ತೆಯ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತಾ, ಹಾಳಾಗಿ ಹೋಗಲಿ ಎಂದು ಆ ಭಾಷಣವನ್ನೆಲ್ಲ ಅವರಿಗೇ ಒಪ್ಪಿಸಿದೆ. ಅಥೆನ್ಸಿನ ಗೃಹಿಣಿಯರು ಹೊಸಿಲು ದಾಟುತ್ತಿದ್ದದ್ದೇ ಅಪರೂಪ. ಆದರೆ ಬಿತ್ತನೆಯ ಕಾಲದಲ್ಲಿ ಬೆಳೆಯ ದೇವತೆಯ ಹಬ್ಬಕ್ಕೆಂದು ಮನೆ ಬಿಟ್ಟು ಹೋಗಿ, ತಾವು ತಾವೇ ಇರುತ್ತಿದ್ದರು. ಗಂಡಸರು ಅತ್ತ ಸುಳಿಯುವಂತಿರಲಿಲ್ಲ.

"ಗಂಡಂದಿರು ಸುಮ್ನೆ ಬಿಡ್ತಿದ್ರಾ?" ಎಂದರು ಅತ್ತೆ.

"ದೇವ್ರ ಕೆಲ್ಸ ಅಂದ್ಮೇಲೆ ಬಿಡದೆ ಏನ್ಮಾಡ್ತಾರಮ್ಮಾ? ಶಾಸ್ತ್ರ ಅಲ್ವಾ?"

"ಈ ಭಾಷಣ ಯಾವತ್ತು?" ಎಂದು ಕೇಳಿದ ಅವರು, ತಿಥಿಯ ದಿನವೇ ಎಂದಾಗ ಇನ್ನೊಂದು ಹಿಡಿ ಹುರುಳಿಕಾಯಿ ಮುಂದಕ್ಕೆ ಎಳೆದುಕೊಂಡರು.

ತಿಥಿಯ ಬೆಳಗ್ಗೆ ನಾನು ಸ್ನಾನಕ್ಕೆ ಹೊರಟಿದ್ದೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಮಗನಿಗೆ ಜೋರಾಗಿ ಹೇಳಿದರು: "ಇವಳು ಹೊರಗಾಗಿದಾಳೆ ಕಣೋ. ಅಡುಗೆ ನಾನೇ ಮಾಡ್ತೀನಿ. ಪುರೋಹಿತ್ರು ಬರೋ ಹೊತ್ಗೆ ಇವಳು ಮನೇಲಿರೋದು ಬೇಡ. ಸಂಜೆವರ್ಗೂ ಎಲ್ಲಾದ್ರೂ ಹೋಗಿರ್ಲಿ."

ಅಯ್ಯೋ ರಾಮ! ನಾನು ಹೊರಗಾಗಿರಲಿಲ್ಲ. ಹಿಂದಿನ ವಾರವಷ್ಟೇ ದೇವರ ಕೋಣೆಯತ್ತ ಬರಬೇಡವೆಂದು ನನ್ನನ್ನು ದೂರ ಕೂರಿಸಿದ್ದವರು ಅವರೇ. ತಲೆಬಿಸಿಯಲ್ಲಿದ್ದ ಮಗನಿಗೆ ಅದೆಲ್ಲ ಎಲ್ಲಿ ನೆನಪು? ಕಾರಿನ ಕೀ ಕೊಟ್ಟರು.

ಕಾಲೇಜಿಗೆ ಹೋಗಿ ಮಾತಾಡಿದೆ, ಪಾಸಾದೆ. ಅಷ್ಟು ಮಡಿವಂತೆ ನನಗಾಗಿ ಅಂಥ ಸುಳ್ಳು ಹೇಳಿದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ನನ್ನ ಹೆತ್ತಮ್ಮನೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

ಸಂಜೆ ಬಂದಾಗ ಅತ್ತೆ ಸುಸ್ತಾಗಿ ಸೋಫಾಕ್ಕೆ ಒರಗಿದ್ದರು. ಕಾಲು ಹಿಡಿದುಕೊಂಡೆ. "ಅಮ್ಮಾ, ಮಾವನವರ ತಿಥಿ ದಿನಾನೇ ಸುಳ್ಳು ಹೇಳ್ಬಿಟ್ರಲ್ಲಾ!"

"ಬದುಕಿದ್ದಾಗ ನಿಮ್ಮ ಮಾವ ನನ್ನನ್ನ ಒಬ್ಬಳೇ ಎಲ್ಲಿಗೂ ಕಳಿಸಿದೋರಲ್ಲ," ಎಂದರು ಅತ್ತೆ. "ಹೋದ್ಮೇಲಾದ್ರೂ ಮನೆ ಹೆಣ್ಣು ಒಬ್ಬಳನ್ನ ಕಳಿಸ್ಲಿ ಬಿಡು. ಏಳು, ವಡೆ ತೆಗೆದಿಟ್ಟಿದೀನಿ, ತಿನ್ನು."