ಹಲ್ಲು ನೋಡುವ ಪಿಳ್ಳಮ್ಮ

ತೂಬಗೆರೆ ಸಂತೆಯಲ್ಲಿ ಪಿಳ್ಳಮ್ಮ ಒಂದು ಕೂಸಿನ ತುಟಿಯನ್ನು ಹೆಬ್ಬೆರಳಿನಿಂದ ಎತ್ತಿ ಇಣುಕುತ್ತಿದ್ದುದನ್ನು ಮೊದಲ ಸಲ ಕಂಡಾಗ, ಇದನ್ನು ಬರೆಯುತ್ತಿರುವವನು ಆಕೆ ಮಗುವನ್ನು ಕೊಳ್ಳಲು ಬಂದವಳೆಂದೇ ತಿಳಿದಿದ್ದ. ಘಾಟಿಯ ದನದ ಪರಿಷೆಯಲ್ಲಿ ಕರುವಿನ ವಯಸ್ಸು ನೋಡುವವರು ಹಾಗೆಯೇ ತುಟಿ ಎತ್ತುತ್ತಾರೆ. ಆಕೆಯ ಗಂಡ ಕೊಂಡಪ್ಪ ದನದ ದಲ್ಲಾಳಿ. ಅವನು ಸತ್ತ ಮೇಲೆ ದನದ ವ್ಯಾಪಾರ ಹೋಯಿತು, ತುಟಿ ಎತ್ತುವ ಕೈ ಮಾತ್ರ ಉಳಿಯಿತು.

ಮಕ್ಕಳ ಹುಳುಕು ಹಲ್ಲಿಗೆ ಆಕೆಯದು ಒಂದೇ ಮದ್ದು. ಕಾದ ಕಬ್ಬಿಣದ ಮೇಲೆ ಗುಳ್ಳದ, ಅಂದರೆ ಮುಳ್ಳುಬದನೆಯ, ಬೀಜ ಉದುರಿಸಿ, ಪರಂಗಿ ಎಲೆಯ ದಂಟಿನಿಂದ ಹೊಗೆಯನ್ನು ಬಾಯಿಗೆ ಬಿಡುವುದು. ಕೆಳಗಿಟ್ಟ ನೀರಿನ ತಟ್ಟೆಯಲ್ಲಿ ಸಣ್ಣ ಬಿಳಿ ಹುಳಗಳು ತೇಲುತ್ತಿದ್ದವು. ಅವು ಹುಳಗಳಲ್ಲ, ಸಿಡಿದು ನೀರಿಗೆ ಬಿದ್ದ ಬೀಜದ ಒಳಗಿನ ಎಳೆ ಎಂಬುದು ಪಿಳ್ಳಮ್ಮನಿಗೆ ಗೊತ್ತಿತ್ತು. ನೋವು ಇಳಿಯುತ್ತಿದ್ದುದು ಕೊನೆಯಲ್ಲಿ ಹತ್ತಿಗೆ ಅದ್ದಿ ಇಡುತ್ತಿದ್ದ ಲವಂಗದೆಣ್ಣೆಯಿಂದ. ಆದರೆ ಬರೀ ಎಣ್ಣೆಗೆ ಯಾರು ರಾಗಿ ಅಳೆದು ಕೊಡುತ್ತಾರೆ? ಹುಳ ಬಿದ್ದರೆ ಕೊಡುತ್ತಾರೆ.

ಯುದ್ಧ ಬಂತು, ಸಕ್ಕರೆಗೆ ರೇಷನ್ ಬಂತು, ಡಿಪೋ ಬೀಗದ ಕೈ ಪಟೇಲ್ ವೆಂಕಟರಾಯಪ್ಪನವರ ಸೊಂಟಕ್ಕೆ ಬಂತು. ತಾವಿಲ್ಲದೆ ಸರ್ಕಾರ ಈ ಯುದ್ಧ ಗೆಲ್ಲುವುದು ಕಷ್ಟ ಎಂಬ ಗತ್ತಿನಲ್ಲಿ ಅವರು ಜಗಲಿಯ ಮೇಲೆ ಕೂರುತ್ತಿದ್ದರು. ಊರಿನ ಪಾಲಿನ ಸಕ್ಕರೆ ಮಾತ್ರ ಯಾವಾಗ ಕೇಳಿದರೂ "ಮೇಲಿಂದ ಬಂದಿಲ್ಲ." ಊರ ಮಕ್ಕಳು ಅದರ ರುಚಿ ಮರೆತೇಬಿಟ್ಟರು. ಪಟೇಲರ ಮೊಮ್ಮಗ ಪುಟ್ಟ ಬೈಲಪ್ಪನೊಬ್ಬನೇ ಸಕ್ಕರೆ ಕಟ್ಟಿದ ಬಟ್ಟೆಯ ಗಂಟನ್ನು ಚೀಪುತ್ತಲೇ ನಿದ್ದೆ ಹೋಗುತ್ತಿದ್ದ.

ಒಂದು ದಿನ ಪಟೇಲರ ಮನೆಯಿಂದ ಪಿಳ್ಳಮ್ಮನಿಗೆ ಕರೆ ಬಂತು. ಬೈಲಪ್ಪನ ತುಟಿ ಎತ್ತಿ ನೋಡಿದಳು. ಮುಂದಿನ ಹಲ್ಲುಗಳು ಕರಿ ಮೊಳೆಗಳಾಗಿದ್ದವು. ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿ ಕೆನ್ನೆ ಊದಿತ್ತು.

"ಪಟೇಲ್ರೇ, ಇದು ನನ್ನ ಹೊಗೆಗೆ ಬಗ್ಗೋದಲ್ಲ. ಗಾಡಿ ಕಟ್ಸಿ, ದೊಡ್ಡಬಳ್ಳಾಪುರದ ಆಸ್ಪತ್ರೇಲಿ ಕೀಳಿಸ್ಬಿಡಿ. ಆ ಸಕ್ಕರೆ ಗಂಟು ಒಲೆಗೆ ಹಾಕಿ."

"ಯಾವ ಸಕ್ಕರೆ?" ಪಟೇಲರು ಬೀದಿಯ ಕಡೆ ನೋಡಿ ದನಿ ತಗ್ಗಿಸಿದರು. "ಆ ಡಾಕ್ಟ್ರೂ ಸಕ್ಕರೆ ಎಲ್ಲಿಂದ ಅಂತಾನೇ ಕೇಳ್ತಾನೆ. ಅಮಲ್ದಾರ್ರ ಜೊತೆ ಇಸ್ಪೀಟಾಡೋ ಗಿರಾಕಿ ಅವನು. ಹಾಲುಹಲ್ಲು ಕಣಮ್ಮ, ಇವತ್ತಲ್ಲ ನಾಳೆ ತಾನಾಗೇ ಉದುರುತ್ತೆ."

"ಉದುರೋ ಹೊತ್ತಿಗೆ ಕೂಸು ಉಳೀಬೇಕಲ್ಲ?"

"ನಾಲಿಗೆ ಉದ್ದ ಆಯ್ತು ನಿಂದು. ಜಗಲಿ ಮೇಲೇ ಹಾಕು ಹೊಗೆ. ಹುಳ ಅಂತ ಊರಿಗೆಲ್ಲಾ ಗೊತ್ತಾಗ್ಲಿ. ಮುಂದಿನ ತಿಂಗಳೂ ಸೀಮೆಎಣ್ಣೆ ಬೇಕು ತಾನೆ ನಿಂಗೆ?"

ಬೇಕಿತ್ತು. ಪಿಳ್ಳಮ್ಮ ಹೊಗೆ ಹಾಕಿದಳು. ಬೀಜವನ್ನು ಹಿಡಿಗಟ್ಟಲೆ ಸುರಿಸಿದರು ಪಟೇಲರು. ಮಗು ಕಿರುಚಿ ಕಿರುಚಿ ಸುಸ್ತಾಯಿತು. ಪಟೇಲರು ನೀರಿನ ತಟ್ಟೆಯನ್ನು ಅರಮನೆಯಿಂದ ಬಂದ ಮರ್ಯಾದೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಬೀದಿಗೆ ತೋರಿಸಿದರು.

"ಅಯ್ಯಯ್ಯೋ, ಎಷ್ಟೊಂದು!" ಎಂದಳು ಎದುರು ಮನೆಯ ಸೊಣ್ಣಮ್ಮ. "ಉಂಡೋರ ಮನೇಲಿ ಹುಳಾನೂ ದಪ್ಪ ಕಣೇ."

ಹತ್ತಿಯಲ್ಲಿಟ್ಟ ಲವಂಗದೆಣ್ಣೆಗೆ ನೋವಿಳಿದು ಮಗು ನಿದ್ದೆ ಹೋಯಿತು. ಪಟೇಲರು ಗೆದ್ದರು.

ಆ ವಾರದೊಳಗೆ ಊತ ಕುತ್ತಿಗೆಗೆ ಇಳಿದು, ಮೈ ಕೆಂಡವಾಯಿತು. ಆಗ ಗಾಡಿ ಕಟ್ಟಿದರು. ದೊಡ್ಡಬಳ್ಳಾಪುರದಲ್ಲಿ ಆಗುವುದಿಲ್ಲವೆಂದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹಾಲುಹಲ್ಲಿನ ಜೊತೆ ಕೊಳೆತ ದವಡೆ ಮೂಳೆಯ ಚೂರನ್ನೂ, ಅದರಡಿಯಲ್ಲಿ ಸರದಿಗಾಗಿ ಕಾದಿದ್ದ ಹೊಸ ಹಲ್ಲಿನ ಮೊಳಕೆಯನ್ನೂ ತೆಗೆದರು. ಬೈಲಪ್ಪ ಬದುಕಿ ಬಂದ. ಒಂದು ಕೆನ್ನೆ ಒಳಕ್ಕೆ ಹೋಗಿತ್ತು. ಬಾಯಿ ಒಂದು ಚಮಚ ಹಿಡಿಯುವಷ್ಟೇ ತೆರೆಯುತ್ತಿತ್ತು.

ಪಟೇಲರು ಪಿಳ್ಳಮ್ಮನನ್ನು ಮತ್ತೆ ಕರೆಸಿದರು. ಜಗಲಿಯ ಸುತ್ತ ಜನ ಸೇರಿದ್ದರು. ಊರು ಸಕ್ಕರೆಯ ಬಗ್ಗೆ ಏನೇನೋ ಆಡಿಕೊಳ್ಳುತ್ತಿತ್ತು, ಅದೆಲ್ಲ ಹುಳದ ಕೆಲಸ ಎಂಬುದಕ್ಕೆ ಪಟೇಲರಿಗೆ ಈಕೆಯ ಬಾಯಿಂದಲೇ ಒಂದು ಸಾಕ್ಷಿ ಬೇಕಾಗಿತ್ತು. ಆಕೆಯನ್ನು ಕಂಡದ್ದೇ ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು. ಆಕೆ ಮಡಿಲಿನಲ್ಲಿದ್ದ ಬೀಜದ ಚೀಲ ಬಿಚ್ಚಿ ತಿಪ್ಪೆಯ ಕಡೆ ಎಸೆದಳು. ಇನ್ನು ಯಾರೂ ರಾಗಿ ಅಳೆಯುವುದಿಲ್ಲವೆಂದು ಗೊತ್ತಿದ್ದೇ ಎಸೆದಳು.

ಪಟೇಲರು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಕೇಳಿದರು: "ಅಲ್ಲಮ್ಮಾ ಪಿಳ್ಳಮ್ಮ, ಅವತ್ತು ಅಷ್ಟೊಂದು ಹುಳ ಬಿತ್ತಲ್ಲ, ಒಂದೆರಡು ಒಳಗೇ ಉಳ್ಕೊಂಡ್ಬಿಟ್ಟಿದ್ವಾ?"

"ಹುಳ ಎಲ್ಲಿತ್ತು ಪಟೇಲ್ರೇ? ನಾನು ಬೀಳಿಸಿದ್ದು ಗುಳ್ಳದ ಬೀಜ. ನೀವು ತಿನ್ಸಿದ್ದು ಊರ ಸಕ್ಕರೆ."