ಶೆಟ್ಟಿಹಳ್ಳಿಯಲ್ಲಿ ನಾನು ಎಳೆದ ವೈರು

೨೦೦೮ರಲ್ಲಿ ನಾನು ತುಮಕೂರಿನ ದೂರವಾಣಿ ಕಚೇರಿಯಲ್ಲಿ ಬ್ರಾಡ್‌ಬ್ಯಾಂಡ್ ಟೆಕ್ನಿಷಿಯನ್ ಆಗಿದ್ದೆ. ಅದಕ್ಕೂ ಮುಂಚಿನ ಹದಿನಾರು ವರ್ಷ ಗುಬ್ಬಿ, ನಿಟ್ಟೂರು, ಕುಣಿಗಲ್ ಕಡೆ ಕೇಬಲ್ ಜಾಯಿಂಟರ್ ಕೆಲಸ ಮಾಡಿದ್ದೆ. ನೆಲದಡಿಯ ದಪ್ಪ ಟೆಲಿಫೋನ್ ಕೇಬಲ್ ತುಂಡಾದಾಗ ಗುಂಡಿಯೊಳಗೆ ಕೂತು, ನೂರಾರು ಸಣ್ಣ ತಂತಿಗಳನ್ನು ಬಣ್ಣ ನೋಡಿ ಜೋಡಿ ಜೋಡಿಯಾಗಿ ಕೂಡಿಸುವ ಕೆಲಸ ಅದು. ಒಂದು ಫೋನಿಗೆ ಎರಡು ತಂತಿ, ಅದೇ ಒಂದು ಜೋಡಿ. ಜೋಡಿ ತಪ್ಪಿದರೆ ಅಂಗಡಿಯ ಫೋನು ಪೊಲೀಸ್ ಠಾಣೆಯಲ್ಲಿ ರಿಂಗಾಗುತ್ತದೆ ಎಂದು ನಮ್ಮ ಹಿರಿಯರು ತಮಾಷೆ ಮಾಡುತ್ತಿದ್ದರು. ನನ್ನ ಕೈಯಲ್ಲಿ ಜೋಡಿ ತಪ್ಪಿದ್ದೇ ಇಲ್ಲ ಎಂಬ ಜಂಬ ನನಗಿತ್ತು. ಈಗ ಹೇಳಲು ಹೊರಟಿರುವುದು ಆ ಜಂಬದ ಕಥೆಯೇ.

ಬ್ರಾಡ್‌ಬ್ಯಾಂಡ್ ಬಂದಾಗ ನಮಗೆ ಹತ್ತು ದಿನದ ತರಬೇತಿ ಕೊಟ್ಟರು. ಫೋನಿನ ಲೈನು ಮನೆಯ ರೂಟರ್‌ಗೆ ಬರುತ್ತದೆ, ಜನ ಅದನ್ನು ಮೋಡೆಮ್ ಎಂದೇ ಕರೆಯುತ್ತಿದ್ದರು. ಅಲ್ಲಿಂದ ಕಂಪ್ಯೂಟರ್‌ಗೆ ಲ್ಯಾನ್ ಕೇಬಲ್ ಎಂಬ ಇನ್ನೊಂದು ವೈರು ಹೋಗಬೇಕು. ಅದರೊಳಗೆ ಎಂಟು ತಂತಿ, ನಾಲ್ಕು ಜೋಡಿ. ಎರಡೂ ತುದಿಗೆ ಪಾರದರ್ಶಕ ಪ್ಲಗ್ ಕೂಡಿಸಿ ಇಕ್ಕಳದಿಂದ ಒತ್ತುವುದಕ್ಕೆ ಕ್ರಿಂಪಿಂಗ್ ಎನ್ನುತ್ತಾರೆ. ಯಾವ ಬಣ್ಣ ಎಲ್ಲಿ ಕೂರಬೇಕು ಎಂಬ ಚೀಟಿಯೊಂದನ್ನು ಕೊಟ್ಟಿದ್ದರು. ನಾಲ್ಕು ದಿನ ಚೀಟಿ ನೋಡಿದೆ, ಆಮೇಲೆ ಅದೆಲ್ಲಿ ಹೋಯಿತೋ ಗೊತ್ತಿಲ್ಲ. ಜೋಡಿ ಕೂಡಿಸುವುದನ್ನು ನನಗೆ ಹೇಳಿಕೊಡಬೇಕೇ? ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಸಾಲಾಗಿ ಕೂರಿಸಿ ಒತ್ತುತ್ತಿದ್ದೆ. ತಂತಿ ತುದಿಯಿಂದ ತುದಿಗೆ ತಲುಪಿದೆಯೇ ಎಂದು ನೋಡುವ ಟೆಸ್ಟರ್ ಹಾಕಿದರೆ ಎಂಟೂ ದೀಪ ಒಂದರ ಹಿಂದೊಂದು ಹತ್ತುತ್ತಿದ್ದವು.

ಆ ವರ್ಷ ಜೂನ್‌ನಲ್ಲಿ ಶೆಟ್ಟಿಹಳ್ಳಿಯ ಒಂದು ಮನೆಗೆ ಸಂಪರ್ಕ ಕೊಟ್ಟೆ. ಯಜಮಾನರು ಇಮ್ತಿಯಾಜ್, ಹಾಸಿಗೆ ಅಂಗಡಿ ಇಟ್ಟುಕೊಂಡಿದ್ದರು. ಫೋನು ಕೆಳಗಿನ ಹಾಲ್‌ನಲ್ಲಿತ್ತು, ಕಂಪ್ಯೂಟರ್ ಮಹಡಿ ಕೋಣೆಯಲ್ಲಿ. ರೂಟರ್ ಡಬ್ಬದೊಳಗೆ ಬರುವ ಕಂಪನಿಯ ಕೇಬಲ್ ಒಂದೇ ಮೀಟರ್ ಇರುತ್ತದೆ. ಅದನ್ನು ಡಬ್ಬದಲ್ಲೇ ಬಿಟ್ಟು, ಮೆಟ್ಟಿಲ ಪಕ್ಕದಿಂದ ಇಪ್ಪತ್ತೈದು ಮೀಟರ್ ವೈರು ಎಳೆದು ನಾನೇ ಪ್ಲಗ್ ಒತ್ತಿದೆ. ಹಳೆಯ ಕಂಪ್ಯೂಟರ್‌ನಲ್ಲಿ ಇಂಟರ್‌ನೆಟ್ ಬಂತು. ಇಮ್ತಿಯಾಜ್ ಅವರ ತಾಯಿ ಹಾಲ್‌ನ ಮಂಚದ ಮೇಲೆ ಕೂತು, ಗೋಡೆಗೆ ಒಂದು ತೂತೂ ಹೆಚ್ಚಾಗಿ ಕೊರೆಯಲಿಲ್ಲವೆಂದು ನನ್ನನ್ನು ಹೊಗಳಿದರು.

ಸಂಪರ್ಕ ಬೇಕಾಗಿದ್ದದ್ದು ಆ ತಾಯಿಯ ಸೊಸೆ, ಇಮ್ತಿಯಾಜ್ ಅವರ ಹೆಂಡತಿ ಫರೀದಾ ಬಾನು ಅವರಿಗೆ. ಬಿಎಸ್ಸಿ ಮುಗಿಸಿ ಎಂಟು ವರ್ಷ ಮನೆಯಲ್ಲೇ ಇದ್ದವರು, ಕೋರ್ಸ್ ಮಾಡಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿತಿದ್ದರು. ರೋಗಿಗಳ ಬಗ್ಗೆ ಡಾಕ್ಟರು ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡಿ ಕಳಿಸುವ ಕೆಲಸ. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದು ಕಂಪನಿ ಮನೆಯಿಂದಲೇ ಕೆಲಸ ಮಾಡಲು ಅವರನ್ನು ಮೂರು ತಿಂಗಳ ಪ್ರಯೋಗಕ್ಕೆ ತೆಗೆದುಕೊಂಡಿತು. ಕಂಪನಿಯ ಸಾಫ್ಟ್‌ವೇರ್ ಹಳೆ ಕಂಪ್ಯೂಟರ್‌ನಲ್ಲಿ ಓಡುತ್ತಿರಲಿಲ್ಲವಾದ್ದರಿಂದ ಹೊಸ ಲ್ಯಾಪ್‌ಟಾಪ್ ಕೊಂಡರು. ಅಲ್ಲಿಂದ ತೊಂದರೆ ಶುರುವಾಯಿತು. ಇಂಟರ್‌ನೆಟ್ ಪುಟ ತೆರೆಯುತ್ತದೆ, ದೊಡ್ಡ ಫೈಲ್ ತರಿಸಲು ಅಥವಾ ಕಳಿಸಲು ಹೋದರೆ ಅರ್ಧಕ್ಕೆ ನಿಂತುಬಿಡುತ್ತದೆ.

ಅಷ್ಟು ದಿನ ಮತ್ತೆ ಮತ್ತೆ ಕಳಿಸಿ ಹೇಗೋ ಸುಧಾರಿಸಿದವರು ನವೆಂಬರ್ ಮೊದಲ ವಾರ ದೂರು ಕೊಟ್ಟರು, ನಾನು ಹೋದೆ. ನಮ್ಮಲ್ಲಿ ಬೆಳಿಗ್ಗೆ ಬಂದ ದೂರನ್ನು ಸಂಜೆಯೊಳಗೆ ಮುಗಿಸಬೇಕು, ಮುಗಿಸುವಾಗ ಕಾರಣ ಬರೆಯಬೇಕು. ನಮ್ಮ ದೋಷ ಎಂದು ಬರೆದರೆ ಮೇಲಿನಿಂದ ವಿವರಣೆ ಕೇಳುತ್ತಾರೆ. ಗ್ರಾಹಕರ ಉಪಕರಣದ ದೋಷ ಎಂದು ಬರೆದರೆ ಯಾರೂ ಕೇಳುವುದಿಲ್ಲ. ನಾನು ಲೈನ್ ನೋಡಿದೆ, ಸರಿಯಿತ್ತು. ಕೇಬಲ್‌ಗೆ ಟೆಸ್ಟರ್ ಹಾಕಿದೆ, ಎಂಟೂ ದೀಪ ಹತ್ತಿದವು. ಅದೇ ಕೇಬಲ್ಲನ್ನು ಹಳೆ ಕಂಪ್ಯೂಟರ್‌ಗೆ ಚುಚ್ಚಿದೆ, ಫೈಲ್ ಸಲೀಸಾಗಿ ಇಳಿಯಿತು. ಇದಕ್ಕಿಂತ ಸಾಕ್ಷಿ ಬೇಕೇ? ಅತ್ತೆ, ಗಂಡ ಇಬ್ಬರೂ ಇದ್ದರು. ಅವರ ಮುಂದೆಯೇ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಕಾರ್ಡ್ ಕೆಟ್ಟಿದೆ ಎಂದೆ.

ಫರೀದಾ ಮೆಟ್ಟಿಲ ಮೇಲೆ ನಿಂತಿದ್ದರು. "ಸಾರ್, ವೈರಲ್ಲೇ ಏನೋ ಇದೆ ಅನ್ಸುತ್ತೆ. ಗುಬ್ಬೀಲಿ ನಮ್ಮಕ್ಕನ ಮನೇಲಿ ಇದೇ ಲ್ಯಾಪ್‌ಟಾಪ್ ಹಾಕಿ ನೋಡ್ದೆ. ಎರಡು ಗಂಟೆ ಒಂದ್ಸಲಾನೂ ಕಟ್ ಆಗ್ಲಿಲ್ಲ. ಈ ತಿಂಗಳು ಫೈಲು ಲೇಟಾದ್ರೆ ನನ್ನ ಪರ್ಮನೆಂಟ್ ಮಾಡಲ್ಲ ಸಾರ್," ಎಂದರು.

ಗುಬ್ಬಿಯ ಲೈನೇ ಬೇರೆ, ಅಲ್ಲಿನ ಲೆಕ್ಕ ಇಲ್ಲಿಗೆ ಬರುವುದಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಮನಸ್ಸಿಗೆ ಬಂದಿದ್ದೂ ನೆನಪಿದೆ. ಬಾಯಿಬಿಟ್ಟು ಆಡಲಿಲ್ಲ ಎನ್ನುವುದೊಂದೇ ಸಮಾಧಾನ. ಇಮ್ತಿಯಾಜ್ ಹೆಂಡತಿಯ ಕಡೆ ತಿರುಗಿ, ಇಷ್ಟು ವರ್ಷ ಸರ್ವಿಸ್ ಆದವರಿಗೆ ಗೊತ್ತಿರುವುದಿಲ್ಲವೇ ಎಂದರು. ಅತ್ತೆಯಂತೂ ಇವಳೇ ಏನೋ ಒತ್ತಿ ಕೆಡಿಸಿರಬೇಕು ಎಂದು ಗೊಣಗಿದರು. ಸಂಜೆ ನಾನು ದೂರು ಮುಗಿಸಿ, ಗ್ರಾಹಕರ ಉಪಕರಣದ ದೋಷ ಎಂದು ಬರೆದೆ.

ನನ್ನ ಮಾತು ನಂಬಿ ಅವರು ಕೆಲಸಕ್ಕೆ ರಜೆ ಹಾಕಿ ಲ್ಯಾಪ್‌ಟಾಪ್ಪನ್ನು ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಕಳಿಸಿದರು. ಎಂಟು ದಿನದ ಮೇಲೆ ಯಾವ ದೋಷವೂ ಇಲ್ಲವೆಂಬ ಚೀಟಿಯೊಂದಿಗೆ ಅದು ವಾಪಸು ಬಂತು. ಫರೀದಾ ನನಗೆ ಫೋನ್ ಮಾಡಿದರು. ಸರ್ವಿಸ್‌ನವರು ಸರಿಯಾಗಿ ನೋಡಿರುವುದಿಲ್ಲ ಎಂದು ಹೇಳಿ ನಾನು ಫೋನ್ ಇಟ್ಟೆ. ಆಮೇಲೆ ಅವರು ದಿನಾ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಗುಬ್ಬಿಗೆ ಹೋಗಿ, ಅಕ್ಕನ ಮನೆಯಿಂದ ಫೈಲ್ ಕಳಿಸಿ ಬರತೊಡಗಿದರಂತೆ. ಇದು ನನಗೆ ಗೊತ್ತಾದದ್ದು ತಡವಾಗಿ.

ನವೆಂಬರ್ ಇಪ್ಪತ್ತೆರಡರಂದು ಕುಣಿಗಲ್‌ನ ವಕೀಲರೊಬ್ಬರ ಮನೆಯಿಂದ ಇಂಥದೇ ದೂರು ಬಂತು. ಅಲ್ಲೂ ಹೊಸ ಲ್ಯಾಪ್‌ಟಾಪ್, ನಾನೇ ಎಳೆದ ವೈರು. ಆ ದಿನ ನನ್ನ ಜೊತೆ ಶೈಲಜಾ ಮೇಡಂ ಇದ್ದರು, ಹೊಸದಾಗಿ ಬಂದ ಜೂನಿಯರ್ ಇಂಜಿನಿಯರ್, ನನಗಿಂತ ಹದಿನೈದು ವರ್ಷ ಚಿಕ್ಕವರು. ನಾನು ಟೆಸ್ಟರ್ ತೆಗೆಯುವಷ್ಟರಲ್ಲಿ ಅವರು ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಸಾರ್, ಇದನ್ನ ಯಾರು ಒತ್ತಿದ್ದು?"

ನಾನೇ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಇದು ಟೆಲಿಫೋನಿನ ಕೈ ಸಾರ್. ಕಂಪ್ಯೂಟರ್‌ಗೆ ಹಿಂಗೆ ಹಾಕಂಗಿಲ್ಲ," ಎಂದರು.

ಅವರು ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ಲ್ಯಾನ್ ಕೇಬಲ್ಲಿನಲ್ಲಿ ಪ್ರತಿ ಜೋಡಿಯ ಎರಡು ತಂತಿಯನ್ನೂ ಒಂದಕ್ಕೊಂದು ಹೊಸೆದಿರುತ್ತಾರೆ. ಹಾಗೆ ಹೊಸೆದಿದ್ದರೆ ಪಕ್ಕದ ಜೋಡಿಯ ಗದ್ದಲ ಒಳಗೆ ಬರುವುದಿಲ್ಲ. ಕಂಪ್ಯೂಟರ್ ಪ್ಲಗ್ಗಿನ ಒಂದನೆಯ ಮತ್ತು ಎರಡನೆಯ ಸ್ಥಾನವನ್ನು ಒಂದು ಜೋಡಿಯಾಗಿ, ಮೂರನೆಯ ಮತ್ತು ಆರನೆಯ ಸ್ಥಾನವನ್ನು ಇನ್ನೊಂದು ಜೋಡಿಯಾಗಿ ಬಳಸುತ್ತದೆ. ನಾನು ಟೆಲಿಫೋನ್ ಅಭ್ಯಾಸದಲ್ಲಿ ಮೂರಕ್ಕೆ ಹಸಿರು ಜೋಡಿಯ ಒಂದು ತಂತಿ, ಆರಕ್ಕೆ ನೀಲಿ ಜೋಡಿಯ ಒಂದು ತಂತಿ ಕೂರಿಸಿದ್ದೆ. ತುದಿಯಿಂದ ತುದಿಗೆ ತಂತಿ ಸರಿಯಾಗಿಯೇ ತಲುಪುತ್ತದೆ, ಅದಕ್ಕೇ ಟೆಸ್ಟರ್‌ನ ದೀಪ ಹತ್ತುತ್ತದೆ. ಒಳಗೆ ಮಾತ್ರ ಜೋಡಿ ಒಡೆದಿರುತ್ತದೆ. ಹಳೆ ಕಂಪ್ಯೂಟರ್‌ಗಳ ಕಾರ್ಡ್ ಸೆಕೆಂಡಿಗೆ ಹತ್ತು ಮೆಗಾಬಿಟ್ ವೇಗದಲ್ಲಿ ಓಡುತ್ತಿತ್ತು, ಅದು ಹೇಗೋ ಸಹಿಸಿಕೊಂಡಿತು. ಹೊಸ ಲ್ಯಾಪ್‌ಟಾಪ್ ನೂರು ಮೆಗಾಬಿಟ್ ವೇಗಕ್ಕೆ ಹೋದಾಗ ವೈರು ಉದ್ದವಿದ್ದ ಕಡೆ ಕೈಕೊಟ್ಟಿತು.

ಜೋಡಿ ತಪ್ಪದ ಕೈ ಎಂದು ಮೆರೆದವನು ಮನೆ ಮನೆಯಲ್ಲೂ ಜೋಡಿ ಒಡೆದು ಬಂದಿದ್ದೆ. ಮೊದಲು ನೆನಪಾದದ್ದು ಮೆಟ್ಟಿಲ ಮೇಲೆ ನಿಂತಿದ್ದ ಆ ಹೆಣ್ಣುಮಗಳು. ರೂಟರ್ ಡಬ್ಬದಲ್ಲಿ ಕಂಪನಿಯ ಕೇಬಲ್ ಇದ್ದೇ ಇತ್ತು. ಅದನ್ನು ತೆಗೆದು ಲ್ಯಾಪ್‌ಟಾಪ್‌ಗೆ ಚುಚ್ಚಿ ನೋಡಲು ಎರಡು ನಿಮಿಷ ಸಾಕಿತ್ತು. ಹಾಲ್‌ನಲ್ಲಿ ಕೂತಾದರೂ ಅವರು ಕೆಲಸ ಮಾಡಬಹುದಿತ್ತು.

ಅಂದೇ ಸಂಜೆ ಶೆಟ್ಟಿಹಳ್ಳಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮರುದಿನದಿಂದ ನನ್ನ ಡೈರಿ ಹಿಡಿದು, ನಾನು ವೈರು ಎಳೆದ ಮನೆಗಳಿಗೆಲ್ಲ ಹೋಗಿ ಪ್ಲಗ್ ಬದಲಾಯಿಸುತ್ತಾ ಬಂದೆ. ಯಾವ ತೊಂದರೆಯೂ ಇಲ್ಲದೆ ಇದ್ದವರ ಮನೆಗೂ ಹೋದೆ. ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ಒಬ್ಬರ ಮನೆಯಿತ್ತು, ಅಲ್ಲಿ ಕಂಪ್ಯೂಟರ್ ತೆಗೆದು ತಿಂಗಳಾಗಿತ್ತು, ಅಲ್ಲಿಗೂ ಹೋಗಿ ಪ್ಲಗ್ ಒತ್ತಿ ಬಂದೆ. ಶೆಟ್ಟಿಹಳ್ಳಿಯನ್ನು ನಾಳೆ, ನಾಳೆ ಎಂದು ಮುಂದೆ ತಳ್ಳಿದೆ. ಅವರ ಮುಂದೆ ಏನೆಂದು ನಿಲ್ಲಲಿ ಎಂಬ ನಾಚಿಕೆ. ಹೀಗೆ ಒಂಬತ್ತು ದಿನ ಕಳೆದೆ.

ಡಿಸೆಂಬರ್ ಒಂದರಂದು ಹೊಸ ಪ್ಲಗ್ ಹಿಡಿದು ಹೋದೆ. ಫರೀದಾ ಒಬ್ಬರೇ ಹಾಲ್‌ನಲ್ಲಿದ್ದರು, ಅತ್ತೆ ಒಳಗೆ ಮಲಗಿದ್ದರು. ಫರೀದಾ ಅಂಗಡಿಯ ಹಾಸಿಗೆ ಕವರಿಗೆ ಹೊಲಿಗೆ ಹಾಕುತ್ತಿದ್ದರು. ಕೆಲಸ ಹೋಯಿತು ಎಂದರು. ಗುಬ್ಬಿಯ ಅಕ್ಕನ ಮನೆಯವರು ಮದುವೆಗೆ ಊರಿಗೆ ಹೋಗಿದ್ದರಿಂದ ಇಪ್ಪತ್ತೈದು, ಇಪ್ಪತ್ತಾರು ಎರಡು ದಿನ ಫೈಲ್ ಕಳಿಸಲು ಆಗಿರಲಿಲ್ಲ. ಇಪ್ಪತ್ತೇಳನೇ ತಾರೀಖು ಕಂಪನಿಯವರು ಬೇಡವೆಂದು ತಿಳಿಸಿದ್ದರು.

ನಾನು ತಾರೀಖು ಎಣಿಸಿಕೊಂಡೆ. ಇಪ್ಪತ್ತೆರಡಕ್ಕೆ ನನಗೆ ಗೊತ್ತಾಗಿತ್ತು. ಎರಡೂ ಪ್ಲಗ್ ಕತ್ತರಿಸಿ ಹೊಸದನ್ನು ಸರಿಯಾದ ಕ್ರಮದಲ್ಲಿ ಒತ್ತಿದೆ. ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಫೈಲೊಂದು ಒಮ್ಮೆಯೂ ನಿಲ್ಲದೆ ಇಳಿಯಿತು. ಅವರು ಪರದೆಯನ್ನೇ ನೋಡುತ್ತಿದ್ದರು. ಏನಾಗಿತ್ತು ಎಂದು ಕೇಳಿದಾಗ ವೈರು ಹಳೆಯದಾಗಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ತಪ್ಪು ನನ್ನದು, ಮೊದಲ ದಿನವೇ ನಾನು ತಪ್ಪಾಗಿ ಜೋಡಿಸಿದ್ದೆ, ನೀವು ಹೇಳಿದ್ದೇ ಸರಿ ಎಂದೆ.

ಅವರು ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ, "ಅವತ್ತು ಅತ್ತೆ ಮುಂದೆ, ಇವರ ಮುಂದೆ ನನ್ನ ಲ್ಯಾಪ್‌ಟಾಪ್ ಕೆಟ್ಟಿದೆ ಅಂದ್ರಿ. ಇದನ್ನೂ ಅವರ ಮುಂದೇನೇ ಹೇಳಿ ಸಾರ್," ಎಂದರು.

ಅಂಗಡಿಯಿಂದ ಇಮ್ತಿಯಾಜ್ ಬರುವ ತನಕ ಕಾದೆ. ಅತ್ತೆಯೂ ಎದ್ದು ಬಂದರು. ಮೂವರ ಮುಂದೆ ನಿಂತು ಇನ್ನೊಮ್ಮೆ ಹೇಳಿದೆ. ತಾಯಿ, ಮಗ ಇಬ್ಬರೂ ತಲೆ ತಗ್ಗಿಸಿದರು. ಕಂಪನಿಗೆ ಕೊಡಲೆಂದು, ದೋಷ ನಮ್ಮ ಕಡೆಯದೆಂದು ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿದೆ. ಮುಂದೆ ಅವರು ಅದನ್ನು ಕಳಿಸಿದರೂ ಪ್ರಯೋಜನವಾಗಲಿಲ್ಲ, ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಅವತ್ತು ಹಾಳೆ ಕೈಗೆ ಕೊಟ್ಟು ಹೊರಟಾಗ ಫರೀದಾ ಬಾಗಿಲವರೆಗೆ ಬಂದರು.

"ಕೆಲಸ ಹೋಗಿದ್ದು ಹೋಯ್ತು ಸಾರ್. ಆದ್ರೆ ಗೊತ್ತಾದ ಕೂಡ್ಲೇ ಬಂದು ಹೇಳಿದ್ರಲ್ಲ, ಎಷ್ಟು ಜನ ಹಂಗೆ ಬರ್ತಾರೆ?"

ನಾನು ಬರ್ತೀನಮ್ಮ ಎಂದು ಹೇಳಿ ಗಾಡಿ ಸ್ಟಾರ್ಟ್ ಮಾಡಿದೆ.

ನಿವೃತ್ತನಾಗುವವರೆಗೆ ವಿಭಾಗಕ್ಕೆ ಬಂದ ಹೊಸಬರಿಗೆಲ್ಲ ನಾನು ಎರಡು ಮಾತು ಹೇಳಿಕೊಟ್ಟೆ. ಗ್ರಾಹಕರು ವೈರು ಎಂದರೆ ಮೊದಲು ಬೇರೆ ವೈರು ಹಾಕಿ ನೋಡಿ. ತಪ್ಪು ನಿಮ್ಮದೆಂದು ಗೊತ್ತಾದರೆ, ಹೋಗಲು ಯಾವ ಮನೆಗೆ ಅತಿ ಹೆಚ್ಚು ಹೆದರುತ್ತೀರೋ ಆ ಮನೆಗೆ ಮೊದಲು ಹೋಗಿ. ಎರಡನೆಯ ಮಾತಿಗೆ ಕಾರಣವೇನೆಂದು ಕೆಲವರು ಕೇಳಿದರು, ಹೇಳಿದೆ. ಆ ಒಂಬತ್ತು ದಿನದ ವಿಷಯ ಹೀಗೆ ಎಷ್ಟೋ ಜನರಿಗೆ ಗೊತ್ತು. ಫರೀದಾ ಬಾನು ಅವರಿಗೆ ಮಾತ್ರ ನಾನು ಇವತ್ತಿಗೂ ಹೇಳಿಲ್ಲ.