ಹರಕೆಯಿಲ್ಲದ ವೇಷ

ಗಣಿತದ ಟೀಚರ ಎಡಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಬಣ್ಣ ಅಂಟಿಕೊಂಡಿರುತ್ತಿತ್ತು. ಬೆಳ್ಳಿಯ ಬಣ್ಣ ಎಂದು ನನ್ನ ನೆನಪು. ಅದೇ ಸ್ಟಾಫ್ ರೂಮಿನಲ್ಲಿ ನಮ್ಮ ಜೊತೆ ಕೂರುತ್ತಿದ್ದ ಕನ್ನಡದ ಮೇಡಂ ಈಚೆಗೆ ಸಿಕ್ಕಿದಾಗ ನೀಲಿ ಎಂದರು, ಅದೂ ಖಚಿತವಾಗಿ. ಅಲ್ಲಿಂದ ನನಗೆ ತಲೆ ಕೆಟ್ಟಿದೆ. ದಿನಾ ಎದುರು ಕೂತು ನೋಡಿದ ಬಣ್ಣವೇ ನೆಟ್ಟಗೆ ನೆನಪಿಲ್ಲದವನು ಆಡಿದ ಮಾತುಗಳನ್ನು ನೆನಪಿಟ್ಟಿದ್ದೇನೆಂದು ಹೇಗೆ ಹೇಳಲಿ? ನೆನಪು ಸಾಕ್ಷ್ಯವಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಚೆನ್ನಾಗಿಯೇ ಕಲಿಸಿದ್ದಾರೆ. ಮುಂದೆ ಬರುವ ಮಾತುಗಳಲ್ಲಿ ಎಷ್ಟು ಟೀಚರು ಆಡಿದವು, ಎಷ್ಟು ನನ್ನ ಸಿಟ್ಟಿನಲ್ಲಿ ಕುದಿದು ನಾನೇ ತಯಾರಿಸಿದವು ಎಂದು ನನಗೆ ಗೊತ್ತಿಲ್ಲ. ಆ ಬಣ್ಣ ಯಾವುದೇ ಆಗಿರಲಿ, ಅದರ ಕಾರಣಕ್ಕೆ ಅವರ ಕೆಲಸ ಹೋಯಿತು ಎನ್ನುವುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ.

ಕಡಬದ ಕಡೆಯ ಒಂದು ಖಾಸಗಿ ಪದವಿಪೂರ್ವ ಕಾಲೇಜು. ನಾನು ಸಮಾಜಶಾಸ್ತ್ರಕ್ಕೆಂದು ಗುತ್ತಿಗೆಯ ಮೇಲೆ ಸೇರಿದಾಗ ಟೀಚರು ಅಲ್ಲಿ ಹಳಬರು. ನನಗಿಂತ ಆರೇಳು ವರ್ಷ ದೊಡ್ಡವರು. ಮನೆ ನೆಟ್ಟಣದಲ್ಲಿ, ರೈಲ್ವೆ ಸ್ಟೇಷನ್ನಿನ ಆಚೆ. ಪಾರ್ಶ್ವವಾಯುವಾಗಿ ಮಲಗಿದ್ದ ಅಮ್ಮ, ಇವರು, ಇಬ್ಬರೇ. ಗಂಜಿ ಹಾಕಿದ ಹತ್ತಿ ಸೀರೆ, ಒಂದೇ ಜಡೆ, ಅಬ್ಬಲಿಗೆ ಹೂ ಸಿಕ್ಕಿದ ದಿನ ಮುಡಿಗೆ ಅಬ್ಬಲಿಗೆ. ಬೆಳಗಿನ ಬಸ್ಸಿನಿಂದ ಇಳಿದು ಗೇಟಿನೊಳಗೆ ಬರುವಾಗ ಪೇಟೆಗೆ ಹೊರಟ ಯಾವ ಹೆಂಗಸಾದರೂ ಆಗಬಹುದಿತ್ತು.

ತರಗತಿಯಲ್ಲಿ ಮಾತ್ರ ಬೇರೆ. ಲೆಕ್ಕ ಬಿಡಿಸಲು ಯಾರು ಬರುತ್ತೀರಿ ಎಂದರೆ ಹುಡುಗರೇ ಎದ್ದು ಬರುವುದು ನಮ್ಮ ಕಡೆಯ ರೂಢಿ. ಟೀಚರು ಹುಡುಗಿಯರ ಸಾಲಿನಿಂದಲೇ ಕರೆಯುತ್ತಿದ್ದರು. ಯಾವಳಾದರೂ ತಲೆ ತಗ್ಗಿಸಿ ಕೂತರೆ, "ನಾಚಿಕೆಯನ್ನು ಬೆಂಚಿನಲ್ಲಿ ಇಟ್ಟು ಬಾ, ಯಾರೂ ಕದಿಯುದಿಲ್ಲ" ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ನನಗೆ ಆ ಮಾತು, ಹಿಂದೆಯೇ ಹುಡುಗಿಯರ ನಗು, ಆಮೇಲೆ ಸೀಮೆಸುಣ್ಣದ ಸದ್ದು ಕೇಳಿಸುತ್ತಿತ್ತು. ಒಮ್ಮೆ ಬ್ಯಾಂಕಿನ ಪರೀಕ್ಷೆ ಪಾಸಾಗಿಯೂ ಹೋಗಿರಲಿಲ್ಲವಂತೆ. ಯಾಕೆ ಎಂದು ಕೇಳಿದ್ದಕ್ಕೆ, ಅಲ್ಲಿ ಬೋರ್ಡ್ ಉಂಟಾ ಎಂದು ನನ್ನನ್ನೇ ತಿರುಗಿ ಕೇಳಿದರು. ಅವರಿಗೆ ಬೇಕಾದದ್ದು ಆ ಬೋರ್ಡ್, ಅದರ ಮುಂದಿನ ಆ ಸಾಲು. ಅವರಿಂದ ಕಿತ್ತುಕೊಂಡದ್ದೂ ಅದನ್ನೇ.

ಉಗುರಿನ ಬಣ್ಣದ ಗುಟ್ಟು ಗೊತ್ತಾದದ್ದು ಪುತ್ತೂರಿನಲ್ಲಿ. ಹೈಸ್ಕೂಲಿಗೆ ಹೋಗುತ್ತಿದ್ದ ಅಕ್ಕನ ಮಗಳು ಒಂದು ಆದಿತ್ಯವಾರ ನನ್ನನ್ನು ಎಳೆದುಕೊಂಡು ಹೋದಳು. ಒಂದು ಹಾಲಿನ ಮಹಡಿಯಲ್ಲಿ ಜಪಾನಿನ ಅನಿಮೆ ನೋಡುವ ಮಕ್ಕಳ ಕೂಟ. ತಮಗೆ ಮೆಚ್ಚಿಗೆಯಾದ ಪಾತ್ರದಂತೆ ಬಟ್ಟೆ ತೊಟ್ಟು, ಬಣ್ಣದ ಕೂದಲು ಇಟ್ಟುಕೊಂಡು ಬರುತ್ತಾರೆ. ಕಾಸ್‌ಪ್ಲೇ ಎನ್ನುತ್ತಾರೆ ಅದಕ್ಕೆ. ಹುಡುಗಿಯರಲ್ಲಿ ಅರ್ಧಕ್ಕರ್ಧ ಗಂಡು ಪಾತ್ರದಲ್ಲಿದ್ದರು. ನೆಲ್ಯಾಡಿ ಕಡೆಯ ಒಬ್ಬ ಇಂಜಿನಿಯರಿಂಗ್ ಹುಡುಗ, ಆರಡಿ ಆಳು, ಜಾಲರಿಯ ಗೌನು ತೊಟ್ಟು ರಾಜಕುಮಾರಿಯಾಗಿದ್ದ. ಅವನ ಅಮ್ಮ ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಅಲ್ಲಾಡಬೇಡ ಎಂದು ಮಲಯಾಳದಲ್ಲಿ ಗದರುತ್ತಾ ಗೌನಿನ ಹಿಂದೆ ಮೊಣಕಾಲೂರಿದ್ದರು.

ಕಿಟಕಿಯ ಬಳಿ ಉದ್ದ ಕರಿ ಕೋಟಿನ ಒಬ್ಬ ಯುವಕ ನಿಂತಿದ್ದ. ಹೆಗಲಿಗೆ ಕವಚ, ಸೊಂಟದಲ್ಲಿ ಕತ್ತಿ, ಹಣೆಯ ಮೇಲೆ ಬಿದ್ದ ಕೂದಲು. ಗಂಡಿನ ಗಡಸುತನವೂ ಇಲ್ಲ, ಹೆಣ್ಣಿನ ಬಳುಕೂ ಇಲ್ಲ. ನೋಡಿದರೆ ಕಣ್ಣು ತೆಗೆಯಲು ಮನಸ್ಸಾಗದ ಒಂದು ಗಾಂಭೀರ್ಯ. ಪಟ ತೆಗೆಸಿಕೊಳ್ಳಲು ಹುಡುಗಿಯರ ಸಾಲೇ ಇತ್ತು, ನಮ್ಮವಳೂ ಹೋಗಿ ನಿಂತಳು. ನಾನು ಫೋನು ಹಿಡಿದು ಹತ್ತಿರ ಹೋದಾಗ ಆ ರಾಜಕುಮಾರ ನನ್ನ ಕಡೆ ಬಗ್ಗಿ, "ಸಾರ್, ನಾಳೆ ಫಸ್ಟ್ ಅವರ್ ನಿಮ್ಮದಾ ನನ್ನದಾ?" ಎಂದ.

ಟೀಚರೂ ನಾನೂ ಕಡಬದ ಬಸ್ಸಿನಲ್ಲಿ ಒಟ್ಟಿಗೇ ವಾಪಸು ಬಂದೆವು. ಕೋಟು ಚೀಲಕ್ಕೆ ಹೋಗಿತ್ತು, ಕಣ್ಣಿನ ಕಪ್ಪು ಮಾತ್ರ ಉಳಿದಿತ್ತು. ಕವಚ ಅಡಿಕೆ ಹಾಳೆಯದಂತೆ. ನೀರಿನಲ್ಲಿ ನೆನೆಸಿ, ಕೊಡಪಾನದ ಮೇಲೆ ಬಿಗಿದು ಕಟ್ಟಿ, ನೆರಳಿನಲ್ಲಿ ಒಣಗಿಸಿ ಬಣ್ಣ ಬಳಿಯುವುದು. ಮೊದಲ ಸಲ ಅವಸರಕ್ಕೆ ಬಿಸಿಲಿಗಿಟ್ಟು ಅದು ಸುರುಟಿಕೊಂಡಿತಂತೆ. ಅಮ್ಮ ಮಲಗಿದಲ್ಲಿಂದಲೇ ನೋಡಿ, ಕಸ ಹೆಕ್ಕಲಿಕ್ಕಾದರೂ ಆದೀತು, ಬಿಸಾಡಬೇಡ ಎಂದರಂತೆ. ಇದನ್ನು ಹೇಳಿ ಟೀಚರು ಬಸ್ಸಿಡೀ ತಿರುಗಿ ನೋಡುವ ಹಾಗೆ ನಕ್ಕರು.

ನಾನು ಓದಿದವನಲ್ಲವೇ? ಸುಮ್ಮನಿರಲಾಗಲಿಲ್ಲ. ಲಿಂಗ, ಪಾತ್ರ, ಉಪಸಂಸ್ಕೃತಿ ಎಂದು ಏನೇನೋ ಶುರುಮಾಡಿದೆ. ಒಂದು ಪ್ರಬಂಧ ಬರೆಯಬಹುದು ಎಂದೂ ಅಂದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ನನ್ನನ್ನು ಉದಾಹರಣೆ ಮಾಡಬೇಡಿ ಮಾರಾಯ್ರೆ. ಉದಾಹರಣೆ ಆದವರಿಗೆ ಮತ್ತೆ ಬೇರೆ ಕೆಲಸ ಸಿಗುದಿಲ್ಲ."

ನನ್ನ ಸಿದ್ಧಾಂತಕ್ಕಿಂತ ಅಕ್ಕನ ಮಗಳ ಉತ್ತರವೇ ಮೇಲಾಗಿತ್ತು. ಆ ವೇಷದಲ್ಲಿ ಎಂತ ಅಷ್ಟು ಚಂದ ಎಂದು ಅವಳನ್ನು ಮನೆಯಲ್ಲಿ ಕೇಳಿದೆ. ಆ ಅಣ್ಣನ ಹತ್ತಿರ ನಿಂತರೆ ಹೆದರಿಕೆ ಆಗುವುದಿಲ್ಲ ಎಂದಳು. ಅದು ಅಣ್ಣನಲ್ಲ, ಟೀಚರು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅಣ್ಣ ಎಂದಳು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಗಂಡಸರ ಪಕ್ಕ ನಿಲ್ಲುವಾಗ ಮೈ ಕುಗ್ಗಿಸಿಕೊಳ್ಳುವುದನ್ನು ಕಲಿಯುತ್ತಿದ್ದ ವಯಸ್ಸು ಅವಳದು. ಮೈ ಕುಗ್ಗಿಸದೆ ಪಕ್ಕ ನಿಲ್ಲಬಹುದಾದ ಒಬ್ಬ ರಾಜಕುಮಾರ ಸಿಕ್ಕಿದ್ದ. ಅಂಥವನನ್ನು ಊರಿನ ಗಂಡಸರು ಒದಗಿಸಲಿಲ್ಲ. ಒಬ್ಬ ಹೆಂಗಸು ಅಡಿಕೆ ಹಾಳೆಯಲ್ಲಿ ತಯಾರಿಸಿದಳು.

ಈಗ ಅಧ್ಯಕ್ಷರ ವಿಷಯ. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಯಕ್ಷಗಾನದ ಸ್ತ್ರೀವೇಷವೆಂದರೆ ಪ್ರಾಣ ಬಿಡುವವರು. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಒಂದು ದೊಡ್ಡ ಪಟವಿತ್ತು: ಸೀರೆ ಉಟ್ಟು, ಮಲ್ಲಿಗೆ ಮುಡಿದು, ಓರೆಯಾಗಿ ನಿಂತ ಹಿರಿಯ ಕಲಾವಿದರೊಬ್ಬರಿಗೆ ಅಧ್ಯಕ್ಷರು ಶಾಲು ಹೊದಿಸುತ್ತಿರುವುದು. ಆ ಮನುಷ್ಯ ನಡೆದು ಬಂದರೆ ನಮ್ಮ ಹೆಂಗಸರು ನಡೆಯಲು ಕಲಿಯಬೇಕು ಎಂದು ಪ್ರತಿ ಸಭೆಯಲ್ಲೂ ಹೇಳುವರು. ಹೇಳುವಾಗ ನಿಜವಾಗಿಯೂ ಕಣ್ಣು ಒದ್ದೆಯಾಗುತ್ತಿತ್ತು. ಆ ಮೆಚ್ಚುಗೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ನಾನೂ ಅಂಥ ವೇಷಗಳನ್ನು ನೋಡಿ ಮೈಮರೆತವನೇ. ವಾರ್ಷಿಕೋತ್ಸವದಲ್ಲಿ ನಮ್ಮ ಪಿ.ಟಿ. ಮಾಸ್ಟರು ಮೀಸೆ ಬೋಳಿಸದೆ ಮದುಮಗಳಾಗಿ ಬಂದಾಗ ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಯಾವ ಪೋಷಕರೂ ದೂರು ಕೊಡಲಿಲ್ಲ.

ಕೂಟದಲ್ಲಿ ತೆಗೆದ ಟೀಚರ ಪಟ ಮಾತ್ರ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಬಂದ ಮರುದಿನವೇ ದೂರು ಬಂತು. ಅಧ್ಯಕ್ಷರ ಕೋಣೆಗೆ ಕರೆಸಿದರು. ಅಧ್ಯಕ್ಷರು, ಪ್ರಾಂಶುಪಾಲರು, ಟೀಚರು. ಸಿಬ್ಬಂದಿಯ ಪರವಾಗಿ ಒಬ್ಬ ಇರಲಿ ಎಂದು ನಾನು. ಅಲ್ಲಿ ನಾನೂ ಎರಡು ಮಾತು ಆಡಿದೆ ಎಂದು ನನ್ನ ನೆನಪು ಹೇಳುತ್ತದೆ. ಅದು ಯಾವಾಗಲೂ ನನ್ನ ಪರವಾಗಿಯೇ ವಾದಿಸುವುದರಿಂದ ಆ ಭಾಗವನ್ನು ಬಿಟ್ಟುಬಿಡುತ್ತೇನೆ.

ಅಧ್ಯಕ್ಷರು ಫೋನನ್ನು ಮೇಜಿನ ಮೇಲೆ ತಳ್ಳಿದರು.

"ಇದು ಎಂತ ಟೀಚರೇ?"

"ವೇಷ ಸಾರ್."

"ನಾಟಕವಾ?"

"ಅಲ್ಲ."

"ಮತ್ತೆ ಯಾಕೆ ಇದು? ನಿಮಗೆ ಗಂಡಸಾಗ್ಬೇಕಾ?"

"ಇಲ್ಲ ಸಾರ್. ಆಗ್ಬೇಕು ಅಂತ ಇರುವವರನ್ನೂ ಹೀಗೆ ಕೂರಿಸಿ ಕೇಳ್ಬಾರದು. ನಾನು ವಾರದಲ್ಲಿ ಆರು ದಿನ ಹೆಂಗಸಾಗಿಯೇ ಇರ್ತೇನೆ. ಆದಿತ್ಯವಾರ ರಜೆ."

ಗೋಡೆಯ ಪಟದಲ್ಲಿ ಸೀರೆ ಉಟ್ಟ ಕಲಾವಿದರು ನಗುತ್ತಲೇ ಇದ್ದರು. ಟೀಚರು ಒಮ್ಮೆ ಆ ಕಡೆ ನೋಡಿದರು. ಅಧ್ಯಕ್ಷರೇ ಆ ನೋಟವನ್ನು ಹಿಂಬಾಲಿಸಿ ತಿರುಗಿ ನೋಡಿ, ಅದು ಕಲೆ, ಅದಕ್ಕೂ ಇದಕ್ಕೂ ಹೋಲಿಕೆ ಬೇಡ ಎಂದು ಸಿಡುಕಿದರು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಎದುರು ನಿಂತು ತಪ್ಪಾಯಿತು ಎನ್ನಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಬರುವುದು ಬೇಡ. ಇದು ತೀರ್ಮಾನ.

ಆಗ ಪ್ರಾಂಶುಪಾಲರು ಬಾಯಿಬಿಟ್ಟರು. ನಿವೃತ್ತಿಗೆ ಹತ್ತಿರವಾಗಿದ್ದ ಸಾಧು ಮನುಷ್ಯ. ಟೀಚರನ್ನು ಉಳಿಸಿಕೊಳ್ಳಬೇಕೆಂಬ ಆಸೆ ನಿಜವಾಗಿಯೂ ಇತ್ತು. ನಮ್ಮೂರಿನವರಿಗೆ ಮಾತ್ರ ಹೊಳೆಯಬಹುದಾದ ಉಪಾಯ ಅವರಿಗೆ ಹೊಳೆಯಿತು. ನವರಾತ್ರಿಯಲ್ಲಿ ನಮ್ಮಲ್ಲಿ ಹರಕೆ ಹೊತ್ತವರು ವೇಷ ಹಾಕಿ, ತಾಸೆ ಡೋಲು ಬಡಿಸಿಕೊಂಡು ಅಂಗಡಿ ಅಂಗಡಿ ಸುತ್ತುತ್ತಾರೆ. ಕಾಯಿಲೆ ಗುಣವಾಗಲಿ, ಮಗು ಹುಟ್ಟಲಿ ಎಂದು ಬೇಡಿಕೊಂಡು ಮೀಸೆಯ ಗಂಡಸರು ಬಸುರಿಯಾಗುತ್ತಾರೆ, ನರ್ಸಾಗುತ್ತಾರೆ, ಮೀನು ಮಾರುವವಳಾಗುತ್ತಾರೆ. ಜನ ಕೈಮುಗಿದು ಕಾಸು ಹಾಕುತ್ತಾರೆ.

"ಟೀಚರೇ, ಅಮ್ಮನಿಗೆ ಹುಷಾರಿಲ್ಲ ಅಲ್ವಾ? ಅಮ್ಮನಿಗೋಸ್ಕರ ಹರಕೆ ಹೊತ್ತದ್ದು ಅಂತ ಹೇಳಿ. ಪೋಷಕರಿಗೆ ನಾನೇ ತಿಳಿಸ್ತೇನೆ. ಹರಕೆ ಅಂದ್ರೆ ಯಾರೂ ಒಂದು ಮಾತು ಆಡುದಿಲ್ಲ."

ಕೋಣೆಯ ಗಾಳಿಯೇ ಬದಲಾಯಿತು. ಅಧ್ಯಕ್ಷರು ಕುರ್ಚಿಗೆ ಒರಗಿದರು. ಹರಕೆಯಾದರೆ ಬೇರೆ ಮಾತು ಎಂದರು; ಪ್ರಾಯದಲ್ಲಿ ತಾವೂ ಹರಕೆಗೆ ಸೀರೆ ಉಟ್ಟು ಪೇಟೆಯಿಡೀ ಸುತ್ತಿದವರೇ ಎಂದು ಮುಖ ಅರಳಿಸಿ ಹೇಳಿದರು, ಸೀರೆಯ ಅಂಚಿನ ಬಣ್ಣವನ್ನೂ ಹೇಳಿದರು. ಒಂದು ಸಣ್ಣ ಸುಳ್ಳು ಸಾಕಿತ್ತು. ಬೋರ್ಡ್, ಬೆಂಚು, ಹುಡುಗಿಯರ ಸಾಲು ಎಲ್ಲವೂ ಉಳಿಯುತ್ತಿದ್ದವು. ಮೂವರು ಗಂಡಸರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು.

"ಹರಕೆ ಇಲ್ಲ ಸಾರ್," ಎಂದರು ಟೀಚರು. "ನನಗೆ ಖುಷಿ ಆಗ್ತದೆ. ಅದಕ್ಕೆ ಹಾಕುದು."

ಇಷ್ಟು ವರ್ಷವಾದರೂ ಇದನ್ನು ಬರೆಯುವಾಗ ನನಗೆ ಸಿಟ್ಟು ಹತ್ತಿಕ್ಕಲಾಗುವುದಿಲ್ಲ. ದೇವರಿಗೆಂದರೆ ಯಾವ ಬಟ್ಟೆಯೂ ಸರಿ. ರಂಗಸ್ಥಳದಲ್ಲಾದರೆ ಸರಿ. ಪಿ.ಟಿ. ಮಾಸ್ಟರ ಹಾಗೆ ಹೆಂಗಸರನ್ನು ಗೇಲಿ ಮಾಡಲೆಂದಾದರೆ ಇನ್ನೂ ಸರಿ, ಮುಂದಿನ ಸಾಲಿನಲ್ಲಿ ಚಪ್ಪಾಳೆ. ಒಬ್ಬ ಹೆಂಗಸು ತನ್ನ ದುಡಿಮೆಯ ದುಡ್ಡಿನಲ್ಲಿ, ತನ್ನ ರಜೆಯ ದಿನ, ಯಾರಿಗೂ ತೊಂದರೆ ಕೊಡದೆ, ಖುಷಿಗೆಂದು ಕೋಟು ಹಾಕಿಕೊಂಡರೆ ಮಾತ್ರ ಮಕ್ಕಳು ಹಾಳಾಗುತ್ತಾರೆ. ಅವರು ಸುಳ್ಳು ಹೇಳಿದ್ದರೆ ಒಳ್ಳೆಯ ಟೀಚರಾಗಿ ಉಳಿಯುತ್ತಿದ್ದರು. ಮಕ್ಕಳಿಗೆ ಮಾದರಿಯಾಗಿರಬೇಕು ಎಂದು ಅದೇ ಕೋಣೆಯಲ್ಲಿ ಉಪದೇಶ ಕೊಟ್ಟವರು ಮಲಗಿದ ತಾಯಿಯ ಹೆಸರಿನಲ್ಲಿ ಸುಳ್ಳು ಹೇಳಿಸಲು ಕಾಯುತ್ತಾ ಕೂತಿದ್ದರು. ಖುಷಿ ಎಂಬ ಶಬ್ದ ಕೇಳಿದ ಕೂಡಲೇ ಬಾಗಿಲು ಮುಚ್ಚಿದರು.

ಪ್ರಾರ್ಥನೆಯ ಹೊತ್ತಿಗೆ ಅವರು ತಪ್ಪಾಯಿತು ಎನ್ನಲಿಲ್ಲ. ವರ್ಷ ಮುಗಿಯುವವರೆಗೆ ಪಾಠ ಮಾಡಿದರು. ಜೂನ್‌ನಲ್ಲಿ ಕಾಲೇಜು ಶುರುವಾದಾಗ ಗಣಿತಕ್ಕೆ ಬೇರೆಯವರು ಬಂದಿದ್ದರು. ಹುಡುಗರು ಎದ್ದು ಬೋರ್ಡಿಗೆ ಹೋದರು. ನನ್ನ ಗುತ್ತಿಗೆಯೂ ಮುಗಿದು ನಾನು ಬೇರೆ ಕಡೆ ಹೋದೆ.

ಟೀಚರು ಈಗ ಪುತ್ತೂರಿನಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಾರೆ. ಅಮ್ಮ ತೀರಿಕೊಂಡರು. ಆದಿತ್ಯವಾರದ ಕೂಟಗಳು ನಿಂತಿಲ್ಲ. ಕಾಲೇಜಿನಲ್ಲಿ ಇದ್ದಾಗಿನಷ್ಟು ಹುಡುಗಿಯರು ಟ್ಯೂಷನ್ನಿಗೆ ಬರುವುದಿಲ್ಲ ಎಂದು ಒಮ್ಮೆ ಹೇಳಿದರು. ದುಡ್ಡು ಕೊಟ್ಟು ಲೆಕ್ಕ ಕಲಿಸುವಾಗ ಮನೆಯವರು ಮೊದಲು ಮಗನನ್ನು ಕಳಿಸುತ್ತಾರಂತೆ. ಅವರು ತಮಗೆ ಆದದ್ದರ ಬಗ್ಗೆ ದೂರಿದ್ದು ಇಷ್ಟೇ. ನಾನು ಆ ಪ್ರಬಂಧ ಬರೆಯಲಿಲ್ಲ. ಯಾರಾದರೂ ಏನಾದರೂ ಉಟ್ಟು ಕುಣಿದು ಸಂತೋಷಪಡುವುದನ್ನು ಕಂಡರೆ ಯಾಕೆ ಎಂದು ಕೇಳುವ ನನ್ನ ಚಾಳಿಯನ್ನು ಅವರು ಬಿಡಿಸಿದರು. ಅಷ್ಟು ಓದಿದವನಿಗೆ ಅದು ಸಣ್ಣ ಪಾಠವಲ್ಲ.

ಆದರೂ ಅನುಮಾನ ಬಿಡಲಿಲ್ಲ. ಈ ಕಥೆ ಹೇಳಿದಾಗಲೆಲ್ಲ ಅಕ್ಕ, ಖುಷಿಯ ಆ ಕೊನೆಯ ಮಾತು ನೀನೇ ಕಟ್ಟಿದ್ದು, ಅಂಥ ಹೊತ್ತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ ಎನ್ನುತ್ತಿದ್ದಳು. ಟೀಚರನ್ನೇ ಕೇಳಿದೆ, ಆ ದಿನ ಕಿವಿಯಲ್ಲಿ ಬರೀ ಗುಂಯ್ ಅನ್ನುತ್ತಿತ್ತು, ಎಂತ ಹೇಳಿದೆನೋ ನೆನಪಿಲ್ಲ ಎಂದರು. ಕಳೆದ ಡಿಸೆಂಬರಿನಲ್ಲಿ ನೆಟ್ಟಣದ ಸ್ಟೇಷನ್ನಿನಲ್ಲಿ ನಿವೃತ್ತ ಪ್ರಾಂಶುಪಾಲರು ಬೆಂಗಳೂರಿನ ರೈಲಿಗೆ ಕಾಯುತ್ತಾ ಕೂತಿದ್ದರು. ಕ್ಷೇಮ ಸಮಾಚಾರವಾದ ಮೇಲೆ, ನಾನು ಮಾತನ್ನು ಬಾಯಿಗೆ ಹಾಕಿಕೊಡದೆ, ಅಂದು ಟೀಚರು ಕೊಟ್ಟ ಉತ್ತರ ಏನು ಎಂದಷ್ಟೇ ಕೇಳಿದೆ. ಅವರು ಅಕ್ಷರ ಬಿಡದೆ ಹೇಳಿದರು. ಟೀಚರು ಅದನ್ನು ಎರಡು ಸಲ ಹೇಳಿದ್ದರಂತೆ, ನನಗೆ ಒಂದೇ ನೆನಪು. ಮಾತು ಬದಲಾಯಿಸಲಿಕ್ಕೆ ಒಂದು ಅವಕಾಶ ಸಿಗಲಿ ಎಂದು, ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ ಪ್ರಾಂಶುಪಾಲರೇ ಎರಡನೆಯ ಸಲ ಕೇಳಿದ್ದರು.